ಬದುಕುಳಿದ ನಲವತ್ತಮೂರು

ಕೆರೆ ಬತ್ತಿಸಿದ ದಿನ ಕೆಸರಿನಲ್ಲಿ ನಲವತ್ತಮೂರು ಸಿಗಡಿಗಳು ಜೀವಂತ ಸಿಕ್ಕಿದವು. ಎರಡು ಸಾವಿರದ ಒಂದನೇ ಇಸವಿಯ ಡಿಸೆಂಬರ್ ತಿಂಗಳು. ಅದರ ಹಿಂದಿನ ವಾರ ನಮ್ಮ ಕೆರೆಯ ಸಿಗಡಿಗಳೆಲ್ಲ ನಾಲ್ಕೇ ದಿನಗಳಲ್ಲಿ ಸತ್ತಿದ್ದವು. ಮೊದಲು ಅಂಚಿಗೆ ಬಂದು ಸುಮ್ಮನೆ ನಿಂತವು. ಹಾಕಿದ ಆಹಾರವನ್ನು ಮುಟ್ಟಲಿಲ್ಲ. ಮಾರನೆಯ ದಿನ ಕೆಂಪಗಾಗಿ ಮಗುಚಿಕೊಂಡವು. ತಲೆಯ ಚಿಪ್ಪನ್ನು ಬಿಡಿಸಿ ಬಿಸಿಲಿಗೆ ಹಿಡಿದರೆ ಅಕ್ಕಿ ನುಚ್ಚು ಅಂಟಿದ ಹಾಗೆ ಬಿಳಿ ಚುಕ್ಕೆಗಳು. ಬಿಳಿ ಚುಕ್ಕೆ ರೋಗ ಎಂದೇ ಎಲ್ಲರೂ ಅದನ್ನು ಕರೆಯುವುದು. ವೈರಸ್ಸಿನಿಂದ ಬರುತ್ತದೆ, ಮದ್ದಿಲ್ಲ. ತಿಂದ ಮನುಷ್ಯರಿಗೆ ಏನೂ ಆಗುವುದಿಲ್ಲ, ಸಾಕಿದವರಿಗೆ ಮಾತ್ರ ಆಗುತ್ತದೆ.

ಸತ್ತ ಕೆರೆಯ ನೀರನ್ನು ಹೊಳೆಗೆ ಬಿಡಬೇಡಿ ಎಂದು ನಾನು ಬೇಡಿಕೊಂಡದ್ದಕ್ಕೆ ಮಾವ ಪಂಪು ಇಟ್ಟು ಪಕ್ಕದಲ್ಲಿ ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗೆ ಹಾಯಿಸಿದರು. ನೀರು ಮೊಣಕಾಲಿನಿಂದ ಪಾದಕ್ಕೆ ಇಳಿದಾಗ ಕೆಸರಿನ ಗುಂಡಿಯೊಂದರಲ್ಲಿ ಏನೋ ಪಟಪಟ ಹಾರಿತು. ಮಾವ ಲುಂಗಿ ಎತ್ತಿ ಕಟ್ಟಿ ಇಳಿದರು. ಒಂದೊಂದನ್ನೇ ಕೈಯಲ್ಲಿ ಹಿಡಿದು, ಸಮುದ್ರದ ನೀರು ತುಂಬಿದ ಬಾಲ್ದಿಗೆ ಹಾಕುತ್ತಾ ಲೆಕ್ಕ ಹೇಳಿದರು. ನಲವತ್ತಮೂರು ಎಂದಾಗ ಅವರ ಸ್ವರ ಬೇರೆಯೇ ಆಗಿತ್ತು.

“ನೋಡು ಮಗಾ,” ಎಂದರು ನನಗೆ. “ಅಷ್ಟು ಸಾವಿರದಲ್ಲಿ ಇವು ಮಾತ್ರ ನಿಂತವು. ಎಂತಕ್ಕೆ? ಗಟ್ಟಿ ಉಂಟು, ಅದಕ್ಕೆ.”

ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಬಿಸಿ ಸ್ವಲ್ಪ ಆರಿದೆ ಎಂದು ನನಗೆ ಗೊತ್ತು.

ಮಾವ ಎಂದರೆ ಚೆನ್ನಪ್ಪ, ನನ್ನ ಅಮ್ಮ ಅಕ್ಕುವಿನ ಅಣ್ಣ. ನಮ್ಮಲ್ಲಿ ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬರುತ್ತದೆ, ನೋಡಿಕೊಳ್ಳುವುದು ಮಾವ. ಕಾಪುವಿನಿಂದ ಸ್ವಲ್ಪ ದೂರ, ಹೊಳೆಯ ಕವಲಿನ ಬದಿಯಲ್ಲಿ ಇರುವ ಆ ಜಾಗದ ಪಹಣಿಯಲ್ಲಿ ಅಮ್ಮನ ಹೆಸರು, ಆದರೆ ಮಾತು ಮಾವನದು. ಅದರ ಬಗ್ಗೆ ಯಾರಿಗೂ ಎಂದೂ ತಕರಾರು ಇರಲಿಲ್ಲ. ಅಮ್ಮ ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಅಪ್ಪ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಾರೆ, ಮನೆಯಲ್ಲಿ ಇರುವುದು ಕಡಿಮೆ. ನನ್ನನ್ನು ಎಂ.ಎಸ್ಸಿ.ವರೆಗೆ ಓದಿಸಬೇಕು ಎಂದು ಹಟ ಹಿಡಿದದ್ದು ಮಾವನೇ. ಆ ಓದಿನಿಂದಲೇ ನನಗೆ ಮಣಿಪಾಲದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಸಿಗಡಿ ಮರಿಗಳಲ್ಲಿ ಈ ವೈರಸ್ ಉಂಟಾ ಇಲ್ಲವಾ ಎಂದು ನೋಡಿ ಬರೆದು ಕೊಡುವುದು ನನ್ನ ಕೆಲಸ.

ಮಾವ ಆ ನಲವತ್ತಮೂರನ್ನು ಮನೆಯ ಹಿತ್ತಿಲಿನಷ್ಟೇ ದೊಡ್ಡದಾದ ಮರಿಕೆರೆಯಲ್ಲಿ ಬಿಟ್ಟರು. ಮೇಲೆ ಕಾಗೆ ಬಾರದ ಹಾಗೆ ಹಳೆಯ ಬಲೆ ಕಟ್ಟಿದರು. ಮರುವಾಯಿ ಚಿಪ್ಪನ್ನು ಒಡೆದು, ಒಳಗಿನ ಮಾಂಸವನ್ನು ಸಣ್ಣಗೆ ಹೆಚ್ಚಿ ತಾವೇ ಹಾಕಿದರು. ಕೆರೆಯ ಶೆಡ್ಡಿನಲ್ಲಿ ಇದ್ದು ಕಾವಲು ಕಾಯುವ ರೇಣುಕವ್ವ, ಬಾಗಲಕೋಟೆಯ ಕಡೆಯವಳು, ನನ್ನ ಹತ್ತಿರ ಹೇಳಿದಳು, “ಯವ್ವಾ, ಧಣ್ಯಾರು ಅವಕ್ಕ ಮೊಮ್ಮಕ್ಕಳಿಗೆ ಉಣಿಸಿದಂಗ ಉಣಸ್ತಾರ್ರಿ.”

ಜನವರಿಯಲ್ಲಿ ಮಾವ ತಮ್ಮ ಯೋಜನೆ ಹೇಳಿದರು. ನಮ್ಮ ಕವಲಿನ ಉದ್ದಕ್ಕೂ ಏಳು ಕೆರೆಗಳಿವೆ, ಏಳಕ್ಕೂ ಒಂದೇ ಹೊಳೆಯ ನೀರು. ಉಬ್ಬರಕ್ಕೆ ನೀರು ಏರುವಾಗ ತೂಬಿನ ಹಲಗೆ ಎತ್ತಿ ಒಳಗೆ ತೆಗೆದುಕೊಳ್ಳುವುದು, ಇಳಿಯುವಾಗ ಹೊರಗೆ ಬಿಡುವುದು. ಒಬ್ಬರು ಉಗುಳಿದ್ದನ್ನು ಇನ್ನೊಬ್ಬರು ಕುಡಿಯುವ ವ್ಯವಸ್ಥೆ. ಆರು ಕೆರೆಯವರಿಗೆ ತಲಾ ಆರು ಸಿಗಡಿ ಕೊಡುವುದು, ನಾವು ಏಳು ಇಟ್ಟುಕೊಳ್ಳುವುದು. ಫೆಬ್ರವರಿಯಲ್ಲಿ ಬಿಡುವ ಹೊಸ ಮರಿಗಳ ಜೊತೆ ಇವೂ ಬೆಳೆಯಲಿ. ಮೊಟ್ಟೆಗೆ ಬಂದಾಗ ಹ್ಯಾಚರಿಗೆ ಕೊಟ್ಟು ಇವುಗಳದ್ದೇ ಮರಿ ಮಾಡಿಸುವುದು. ಮತ್ತೆ ಬಿಳಿ ಚುಕ್ಕೆ ಬಂದರೂ ನಮ್ಮನ್ನು ಎಂತ ಮಾಡುತ್ತದೆ?

“ಎಲ್ಲವನ್ನೂ ನಾವೇ ಇಟ್ಟುಕೊಳ್ಳಬಹುದಲ್ಲ ಮಾವ,” ಎಂದೆ. ಬದುಕಿದ್ದರೂ ಅವುಗಳ ಒಳಗೆ ವೈರಸ್ ಇದ್ದೀತು ಎಂಬ ಅನುಮಾನ ನನಗೆ ಆಗಲೇ ಇತ್ತು.

“ಬಿತ್ತು ಒಂದೇ ಮನೆಯಲ್ಲಿ ಇಡಬಾರದು,” ಎಂದರು. “ನಿನ್ನ ಅಜ್ಜಿ ಯಾವತ್ತೂ ಇಡಲಿಲ್ಲ.”

ಆ ಕೆರೆ ಇರುವ ಜಾಗ ಮೊದಲು ಗದ್ದೆಯಾಗಿತ್ತು. ಕಟ್ಟ ಒಡೆದು ಉಪ್ಪುನೀರು ನುಗ್ಗಿದ ಒಂದು ವರ್ಷ ಬೆಳೆಯೆಲ್ಲ ಕರಟಿ ಹೋಗಿ, ಮೂಲೆಯಲ್ಲಿ ಒಂದಷ್ಟು ತೆನೆ ಮಾತ್ರ ನಿಂತಿತ್ತಂತೆ. ಅಜ್ಜಿ ಅದನ್ನು ಅನ್ನಕ್ಕೆ ಬಳಸದೆ ಬಿತ್ತಿಗೆ, ಎಂದರೆ ಮುಂದಿನ ಬಿತ್ತನೆಯ ಬೀಜಕ್ಕೆ, ಇಟ್ಟಳು, ನೆರೆಯ ಮನೆಗಳಿಗೂ ಹಿಡಿ ಹಿಡಿ ಹಂಚಿದಳು. ಬೆಂಕಿ ಬಿದ್ದರೆ, ಹುಳ ಹಿಡಿದರೆ ಇನ್ನೊಂದು ಮನೆಯಲ್ಲಾದರೂ ಉಳಿಯಲಿ ಎಂದು. ಕೇಳಿದವರಿಗೆ ಬಿತ್ತು ಇಲ್ಲ ಎನ್ನಬಾರದು, ಕೊಟ್ಟ ಬಿತ್ತನ್ನು ಹಿಂದೆ ಕೇಳಬಾರದು. ಇದು ಹೊಳೆಯ ಎರಡೂ ಬದಿಯವರು ಒಪ್ಪಿಕೊಂಡು ಬಂದ ಮಾತು. ಮಾವ ಸಿಗಡಿಯನ್ನು ನೋಡಿದ್ದು ಆ ತೆನೆಯನ್ನು ನೋಡಿದ ಕಣ್ಣಿನಿಂದ.

ನಾನು ಮರುದಿನ ಆರು ಸಿಗಡಿಗಳಿಂದ ಈಜುಕಾಲಿನ ತುದಿಯನ್ನಷ್ಟೇ ಕತ್ತರಿಸಿ, ಸಣ್ಣ ಬಾಟ್ಲಿಗಳಲ್ಲಿ ಹಾಕಿ ಬಸ್ಸು ಹತ್ತಿದೆ. ಕಾಪುವಿನಿಂದ ಉಡುಪಿ, ಅಲ್ಲಿ ಇಳಿದು ಮಣಿಪಾಲದ ಬಸ್ಸು. ದಾರಿಯುದ್ದಕ್ಕೂ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡೆ. ನನಗೆ ಬೇಕಾಗಿದ್ದದ್ದು ಖಾಲಿ ಗೆರೆ. ಮಾವ ಸರಿ, ನಾನು ಸುಮ್ಮನೆ ಹೆದರಿದೆ ಎಂದು ಆಗಬೇಕಿತ್ತು.

ವೈರಸ್ಸಿನ ಗುರುತು ಇದ್ದರೆ ನಮ್ಮ ಪರೀಕ್ಷೆಯಲ್ಲಿ ಬೆಳಕಿನ ಒಂದು ಗೆರೆ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಕಂಡರೆ ರೋಗ ಜೋರಾಗಿದೆ ಎಂದರ್ಥ. ಅದರಲ್ಲಿ ಆರೂ ಖಾಲಿ. ನಾನು ಉಸಿರು ಬಿಟ್ಟೆ. ಎರಡನೆಯ ಸುತ್ತಿನಲ್ಲಿ ಆರಕ್ಕೆ ಆರೂ ಗೆರೆ ಬಂದವು. ಎಂದರೆ ವೈರಸ್ ಉಂಟು, ಸ್ವಲ್ಪವೇ, ಅಡಗಿ ಕೂತಿದೆ.

ನನ್ನ ಮೇಲಧಿಕಾರಿ ಝೀಟಾ ಮೇಡಂ ಆ ಗೆರೆಗಳ ಫೋಟೋವನ್ನು ತುಂಬಾ ಹೊತ್ತು ನೋಡಿದರು.

“ಮೇಡಂ, ಇವು ನಿಜವಾಗಿಯೂ ರೋಗ ತಡೆಯುವ ಶಕ್ತಿ ಇರುವವು ಆಗಿರಬಹುದಾ?”

“ಇರಲೂಬಹುದು. ನಾಲ್ಕು ದಿನಗಳಲ್ಲಿ ಎಲ್ಲ ಸತ್ತ ಕೆರೆಯಲ್ಲಿ ಬದುಕಿವೆ ಅಂದರೆ ಏನೋ ಇರಬಹುದು. ಅಥವಾ ಗುಂಡಿಯ ನೀರು ತಣ್ಣಗಿದ್ದದ್ದೋ, ವೈರಸ್ ಕಡಿಮೆ ತಗಲಿದ್ದೋ. ತಿಳಿಯಬೇಕಾದರೆ ಬೀಗ ಹಾಕಿದ ಟ್ಯಾಂಕು ಬೇಕು, ಹಲವು ತಲೆಮಾರು ಬೇಕು.”

“ನಾವು ಇಲ್ಲಿ ಇಟ್ಟುಕೊಳ್ಳಲಿಕ್ಕೆ...”

“ಎಲ್ಲಿ ಹರ್ಷಿಣಿ? ಈ ಸಿಂಕಿನಲ್ಲಾ? ಎರಡು ಕಡೆ ಕಾಗದ ಬರೆಯುತ್ತೇನೆ. ಉತ್ತರ ಬರುವಾಗ ನಿಮ್ಮ ಮಾವ ಹಂಚಿ ಆಗಿರುತ್ತದೆ.” ಆಮೇಲೆ ಮೆಲ್ಲಗೆ ಹೇಳಿದರು, “ತಾನು ಸಾಯದೆ ಸುತ್ತ ಇರುವವರನ್ನು ಸಾಯಿಸುವುದೂ ಒಂದು ಶಕ್ತಿಯೇ. ಹೊಳೆ ಪ್ರಯೋಗಾಲಯ ಅಲ್ಲ.”

ಮನೆಗೆ ಬಂದು ಮಾವನಿಗೆ ಫೋಟೋ ತೋರಿಸಿದೆ. ಅವರು ಅದನ್ನು ಬಿಸಿಲಿಗೆ ಹಿಡಿದರು, ತಿರುಗಿಸಿದರು.

“ಇದು ಎಂತ?”

“ಆರು ಗೆರೆ ಉಂಟಲ್ಲ, ಅದೇ ವೈರಸ್. ಆರರಲ್ಲಿಯೂ ಉಂಟು ಮಾವ.”

“ಉಂಟು. ಮತ್ತೆ ಸಾಯಲಿಲ್ಲ ಅಲ್ವಾ? ರೋಗ ಒಳಗೆ ಇದ್ದೂ ಸಾಯುವುದಿಲ್ಲ ಅಂದರೆ ಅದಕ್ಕಿಂತ ಗಟ್ಟಿ ಇನ್ನೆಂತ ಬೇಕು ನಿನಗೆ? ನಾನು ಹೇಳಿದ್ದನ್ನೇ ನಿನ್ನ ಮೆಷಿನೂ ಹೇಳುತ್ತಾ ಉಂಟು!”

ಸರಿಯಾದ ಮಾತು ಸಿಗುವವರೆಗೆ ಬಾಯಿ ತೆರೆಯದಿರುವುದು ನನ್ನ ಸ್ವಭಾವ. ಸಿಕ್ಕಿದ್ದು ಊಟಕ್ಕೆ ಕೂತಾಗ. “ಅಜ್ಜಿಯ ತೆನೆಯಲ್ಲಿ ಉಪ್ಪು ಅಡಗಿ ಕೂತಿರಲಿಲ್ಲ ಮಾವ. ಆ ತೆನೆಯಿಂದ ಪಕ್ಕದ ಗದ್ದೆಗೆ ಉಪ್ಪು ಹೋಗುತ್ತಿರಲಿಲ್ಲ. ಇದರಿಂದ ಹೋಗುತ್ತದೆ.”

ಅಮ್ಮ ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತಳು. ಮಾವ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿದರು.

“ಹೋಗುತ್ತದೆ ಅಂತ ಕಣ್ಣಿನಿಂದ ನೋಡಿದ್ದೀಯಾ? ಇಲ್ಲ ಅಲ್ವಾ? ಹಾಗಾದರೆ ನೋಡುವ. ಒಂದು ಸಿಗಡಿ, ಹತ್ತಿಪ್ಪತ್ತು ಮರಿ, ಒಂದೇ ಟಬ್ಬಿನಲ್ಲಿ. ಎಂಟು ದಿನ. ಮರಿ ಸತ್ತರೆ ನೀನು ಹೇಳಿದ ಹಾಗೆ. ಬದುಕಿದರೆ ನೀನು ಬಾಯಿ ಮುಚ್ಚಬೇಕು.”

ನ್ಯಾಯವಾದ ಮಾತು ಎಂದೇ ನನಗೆ ಅನಿಸಿತು. ಒಪ್ಪಿದೆ. ನನ್ನ ತಪ್ಪು ಅದು.

ಹ್ಯಾಚರಿಯ ಏಜೆಂಟ್ ತಂದುಕೊಟ್ಟ ಮಾದರಿ ಮರಿಗಳನ್ನು ಪರೀಕ್ಷಿಸಿ, ಗೆರೆ ಇಲ್ಲ ಎಂದು ಖಾತ್ರಿ ಮಾಡಿ ತಂದೆ. ಶೆಡ್ಡಿನಲ್ಲಿ ಎರಡು ಟಬ್ಬು ಇಟ್ಟೆವು. ಎರಡರಲ್ಲಿಯೂ ಇಪ್ಪತ್ತಿಪ್ಪತ್ತು ಮರಿ. ಒಂದರಲ್ಲಿ ಮಾತ್ರ ಮಾವನ ಸಿಗಡಿಯೊಂದನ್ನು, ಅದು ಮರಿಗಳನ್ನು ತಿನ್ನದ ಹಾಗೆ, ಜಾಳಿಯ ಬುಟ್ಟಿಯೊಳಗೆ ಬಿಟ್ಟೆವು. ಇನ್ನೊಂದು ಟಬ್ಬು ಎಂತಕ್ಕೆ ಎಂದು ಮಾವ ಕೇಳಿದರು. ಹೋಲಿಸಿ ನೋಡಲಿಕ್ಕೆ ಎಂದೆ. “ಓದಿದವರಿಗೆ ಎಲ್ಲವೂ ಎರಡೆರಡು ಬೇಕು,” ಎಂದು ನಕ್ಕರು. ನೋಡಿಕೊಳ್ಳುವ ಕೆಲಸ ರೇಣುಕವ್ವನದು. ಒಂದು ಟಬ್ಬಿಗೆ ಹಾಕಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಇನ್ನೊಂದಕ್ಕೆ ಹಾಕಬಾರದು ಎಂದು ಹೇಳಿದ್ದನ್ನು ಅವಳು ಒಂದು ದಿನವೂ ತಪ್ಪಲಿಲ್ಲ.

ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಶೆಡ್ಡಿಗೆ ಹೋಗಿ ಬಗ್ಗಿ ನೋಡುತ್ತಿದ್ದೆ. ಮರಿಗಳು ಸಾಯಲಿ ಎಂದು ಕಾಯುವುದು ಎಂಥ ಕೆಲಸ ಎಂದು ಆ ಎಂಟು ದಿನಗಳಲ್ಲಿ ತಿಳಿಯಿತು. ಸಾಯಲಿಲ್ಲ. ಎಂಟನೆಯ ದಿನ ಗುರುವಾರ. ಮಾವ ಟಬ್ಬಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಎಣಿಸಿದರು. ಇಪ್ಪತ್ತರಲ್ಲಿ ಇಪ್ಪತ್ತು, ನೀರು ಕದಡಿದರೆ ಚಂಗನೆ ಹಾರುತ್ತಿದ್ದವು.

“ಆಯಿತು ಅಲ್ವಾ ಮಗಾ?” ಮಾವ ಗೆದ್ದವರ ಹಾಗೆ ಮಾತಾಡಲಿಲ್ಲ. ನನ್ನ ತಲೆ ಸವರಿದರು. ಅದು ಇನ್ನೂ ಕಷ್ಟವಾಯಿತು. “ಆದಿತ್ಯವಾರ ಎಲ್ಲರನ್ನೂ ಬರಲಿಕ್ಕೆ ಹೇಳುತ್ತೇನೆ.”

ನಾನು ಎರಡೂ ಟಬ್ಬಿನಿಂದ ಐದೈದು ಮರಿಗಳನ್ನು ಬಾಟ್ಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಶನಿವಾರ ಮಧ್ಯಾಹ್ನ ಫಲಿತಾಂಶ ಕೈಗೆ ಬಂತು. ಸಿಗಡಿ ಇಲ್ಲದ ಟಬ್ಬಿನ ಮರಿಗಳಲ್ಲಿ ಏನೂ ಇಲ್ಲ. ಸಿಗಡಿ ಇದ್ದ ಟಬ್ಬಿನ ಮರಿಗಳಲ್ಲಿ ಗೆರೆ, ಅದೂ ಮೊದಲ ಸುತ್ತಿನಲ್ಲೇ. ಹಾರುತ್ತಿದ್ದವು ನಿಜ, ಆದರೆ ಹಾರುತ್ತಿದ್ದದ್ದು ರೋಗವನ್ನು ತುಂಬಿಕೊಂಡು. ಇನ್ನು ಎರಡು ದಿನ, ನಾಲ್ಕು ದಿನ, ಒಂದು ಬಿಸಿ ಮಧ್ಯಾಹ್ನ, ಅಷ್ಟೇ ಸಾಕಿತ್ತು. ಆ ನಾಲ್ಕು ದಿನ ನನಗೆ ಇರಲಿಲ್ಲ.

ಮಾವ ಕೇಳಲಿಲ್ಲ. “ಮತ್ತೆ ಗೆರೆ! ಮಾತು ಮಾತೇ ಹರ್ಷಿಣಿ. ಎಂಟು ದಿನ ಅಂತ ನೀನೂ ಒಪ್ಪಿದ್ದೀ.” ಅಷ್ಟು ಹೇಳಿ ಶರ್ಟು ಹಾಕಿಕೊಂಡು ಶಿರ್ವಕ್ಕೆ ಹೋದರು. ಅಲ್ಲಿ ಲಿಯೋನೆಲ್ ಅವರ ಮನೆ. ಕುವೈಟಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದ ಲಿಯೋನೆಲ್ ಅವರ ಕೆರೆಯೇ ನಮ್ಮ ಕವಲಿನಲ್ಲಿ ದೊಡ್ಡದು, ಮತ್ತು ಹೊಳೆಯ ಬಾಯಿಗೆ ಮೊದಲನೆಯದು. ಅವರ ತೂಬಿನಿಂದ ಹೊರಬಿದ್ದ ನೀರು ಏರುವಾಗ ಉಳಿದ ಆರು ಕೆರೆಗಳನ್ನೂ ಮುಟ್ಟುತ್ತದೆ.

ಸಂಜೆಯ ಹೊತ್ತಿಗೆ ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದೆ. ಅಮ್ಮ ಮಾರ್ಕೆಟ್ಟಿನಿಂದ ಖಾಲಿ ಬುಟ್ಟಿ ಹೊತ್ತುಕೊಂಡು ನೇರ ಅಲ್ಲಿಗೇ ಬಂದಳು. ಬುಟ್ಟಿ ಇಳಿಸದೆ ಕೇಳಿದಳು, “ನಿನಗೆ ಖಂಡಿತವಾ?”

“ಮರಿಗಳಿಗೆ ತಗಲಿದ್ದು ಖಂಡಿತ. ಕೆರೆಗೆ ಬಿಟ್ಟರೆ ಎಲ್ಲವೂ ಸಾಯುತ್ತವೆ ಎಂದು ಖಂಡಿತವಾಗಿ ಹೇಳಲಿಕ್ಕೆ ಬರುವುದಿಲ್ಲ ಅಮ್ಮ. ಸಾಯುವ ಸಂಭವ ತುಂಬಾ ಉಂಟು.”

“ನಿನ್ನ ಮಾತಿಗೆ ಒಂದು ಹಿಡಿಯೂ ಇಲ್ಲ, ಬಾಲವೂ ಇಲ್ಲ,” ಎಂದಳು ಬೇಸರದಿಂದ. “ಮೀನು ತಾಜಾ ಉಂಟಾ ಅಂತ ಕೇಳಿದವರಿಗೆ ನಾನು ಸಂಭವ ಉಂಟು ಅಂದರೆ ಯಾರು ತೆಗೆದುಕೊಳ್ಳುತ್ತಾರೆ?”

ಬುಟ್ಟಿಯ ಸಿಗಡಿಯನ್ನು ಮರಿಕೆರೆಗೆ ಮರಳಿಸಿ ಟಬ್ಬು ತೊಳೆಯುತ್ತಿದ್ದ ರೇಣುಕವ್ವ ತಲೆ ಎತ್ತಲಿಲ್ಲ. ಉಜ್ಜುತ್ತಲೇ ಮಾತಾಡಿದಳು.

“ಅಕ್ಕಾರ, ನಮ್ಮೂರಾಗ ನಮ್ದೊಂದು ಎತ್ತಿತ್ರಿ. ಕಾಲುಬಾಯಿ ಬ್ಯಾನಿ ಬಂದಾಗ ಊರಾಗಿನ ದನ ಎಲ್ಲಾ ಬಿದ್ವು. ಇದು ನಾಕ ದಿನ ಜೊಲ್ಲ ಸುರಿಸಿ ಎದ್ದು ನಿಂತ್ತು. ನಮ್ಮಪ್ಪಗ ಏನ್ ಹೆಮ್ಮಿ! ಬೀಗರ ಊರಿಗೆ ಹೊಡಕೊಂಡು ಹೋದ, ನೋಡ್ರಿ ನನ್ನ ಎತ್ತು ಅಂತ. ಹದಿನೈದ ದಿನಕ್ಕ ಬೀಗರ ಹಟ್ಟ್ಯಾಗ ಒಂದ ಕರಾ ಉಳೀಲಿಲ್ಲ. ಎತ್ತೇನ್ ಮಾಡ್ತೈತಿ, ತಣ್ಣಗ ಮೇವು ತಿನಕೋತ ನಿಂತಿತ್ತು. ಬೀಗರು ಇವತ್ತಿಗೂ ನಮ್ಮ ಮನ್ಯಾಗ ನೀರು ಕುಡಿಯಂಗಿಲ್ಲ.”

ಅಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ಮರಿಕೆರೆಯ ಹತ್ತಿರ ಹೋಗಿ ಬಲೆಯೊಳಗೆ ಬಗ್ಗಿ ನೋಡಿದಳು.

ಭಾನುವಾರ ಬೆಳಿಗ್ಗೆ ನಾನು ಕಾಪುವಿಗೆ ಹೋದೆ, ಬ್ಲೀಚಿಂಗ್ ಪೌಡರಿನ ಚೀಲಕ್ಕೆ. ಅದನ್ನು ಮರಿಕೆರೆಗೆ ಎರಚಿದರೆ ಸಿಗಡಿಯೂ ವೈರಸ್ಸೂ ಒಟ್ಟಿಗೆ ಸಾಯುತ್ತವೆ. ಅಂಗಡಿಯವರು ತಡವಾಗಿ ಬಾಗಿಲು ತೆಗೆದರು. ಚೀಲವನ್ನು ಆಟೋದಲ್ಲಿ ಹಾಕಿಸಿಕೊಂಡು ಬರುವಾಗ ಕೆರೆಯ ದಂಡೆಯಲ್ಲಿ ಸ್ಕೂಟರುಗಳು, ಒಂದು ಜೀಪು, ಕೈಯಲ್ಲಿ ಬಾಲ್ದಿ ಹಿಡಿದ ಗಂಡಸರು ಕಂಡರು. ಲಿಯೋನೆಲ್ ಚರ್ಚಿನ ಪೂಜೆ ಮುಗಿಸಿ ಇಸ್ತ್ರಿಯ ಬಿಳಿ ಶರ್ಟಿನಲ್ಲೇ ಬಂದಿದ್ದರು. ಮಾವ ಒಂದು ವೀಳ್ಯದೆಲೆ, ಒಂದು ಅಡಿಕೆ ಇಟ್ಟು, ಎರಡೂ ಕೈಯಲ್ಲಿ ಅವರಿಗೆ ಬಾಲ್ದಿ ಕೊಡುತ್ತಿದ್ದರು. ಒಳಗೆ ಆರು ಸಿಗಡಿ. ಬಿತ್ತು ಕೊಡುವ ಕ್ರಮವೇ ಅದು.

ನಾನು ಆಟೋದಿಂದ ಇಳಿದವಳು ಓಡಿದೆ. ನಾನು ಓಡುವವಳಲ್ಲ.

“ಅಂಕಲ್, ಅದನ್ನು ತೆಗೆದುಕೊಂಡು ಹೋಗಬೇಡಿ. ಅದರಲ್ಲಿ ರೋಗ ಉಂಟು.”

“ಗೊತ್ತುಂಟು, ಚೆನ್ನಪ್ಪಣ್ಣ ಹೇಳಿದರು. ಲೈಟಾಗಿ ಉಂಟು ಅಂತ ಅಲ್ವಾ?” ಲಿಯೋನೆಲ್ ನಕ್ಕರು.

ಮೂರನೆಯ ಕೆರೆಯ ಎಡ್ಮಂಡ್ ಹಿಂದಿನಿಂದ ಕೂಗಿದ, “ಹರ್ಷಿಣಿ, ನನ್ನನ್ನೂ ಒಮ್ಮೆ ನಿನ್ನ ಮೆಷಿನಿಗೆ ಹಾಕು ಮಾರಾಯ್ತಿ! ನನ್ನಲ್ಲಿಯೂ ಒಂದು ಗೆರೆ ಬಂದೀತು. ನಿನ್ನೆಯಿಂದ ಶೀತ ಉಂಟು.” ಎಲ್ಲರೂ ನಕ್ಕರು.

“ಒಂದು ನಿಮಿಷ,” ಎಂದರು ಲಿಯೋನೆಲ್, ಕೈ ಎತ್ತಿ. “ಓದಿದ ಹುಡುಗಿ, ಕೇಳುವ. ಸರಿಯಾಗಿ ಹೇಳು ನೋಡುವ. ನಲವತ್ತಮೂರರಲ್ಲಿಯೂ ರೋಗ ಉಂಟು ಅಂತ ಗ್ಯಾರಂಟಿ ಕೊಡುತ್ತೀಯಾ?”

“ಇಲ್ಲ. ಆರನ್ನು ನೋಡಿದ್ದೇನೆ, ಆರರಲ್ಲಿಯೂ ಉಂಟು.”

“ಇವನ್ನೆಲ್ಲ ಕೊಂದರೆ ಈ ಸಲ ನಮ್ಮ ಕೆರೆಗಳಿಗೆ ರೋಗ ಬರುವುದಿಲ್ಲ ಅಂತ ಗ್ಯಾರಂಟಿ?”

“ಇಲ್ಲ. ಏಡಿಯಿಂದ ಬರಬಹುದು. ಹೊಸ ಮರಿಯಿಂದ ಬರಬಹುದು.”

“ಇವು ನಿಜವಾಗಿ ಗಟ್ಟಿ ಜಾತಿ ಇರಬಹುದಾ?”

ನಾನು ಮಾವನನ್ನು ನೋಡಿದೆ. ಸುಳ್ಳು ಹೇಳಬಹುದಿತ್ತು. ಒಂದೇ ಒಂದು ಶಬ್ದ ಸಾಕಿತ್ತು.

“ಇರಬಹುದು,” ಎಂದೆ.

ಈ ಸಲ ನಗು ಜೋರಾಗಿಯೇ ಬಂತು. ಎಡ್ಮಂಡ್ ತನ್ನ ಖಾಲಿ ಬಾಲ್ದಿಯನ್ನು ಚೆಂಡೆಯ ಹಾಗೆ ಬಡಿದ. ಲಿಯೋನೆಲ್ “ಸಾಕಲ್ಲ ಇನ್ನು, ಬಿಸಿಲೇರಿತು,” ಎನ್ನುತ್ತಾ ಜೀಪಿನ ಕಡೆ ತಿರುಗಿದರು.

ನಾನು ಹೋಗಿ ಬಾಲ್ದಿಯ ಹಿಡಿಯನ್ನು ಹಿಡಿದೆ. ಅವರ ಕೈಯ ಪಕ್ಕದಲ್ಲಿ, ಎರಡೂ ಕೈಯಲ್ಲಿ.

“ಎಂತ ಇದು!”

“ನೀವು ಕೇಳಿದ ಎಲ್ಲದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ ಅಂಕಲ್. ಈಗ ಕೇಳದ ಒಂದನ್ನು ಹೇಳುತ್ತೇನೆ. ಇವು ಇಲ್ಲಿಂದ ಹೋಗುವುದಿಲ್ಲ.”

“ಕೊಟ್ಟದ್ದನ್ನು ಹಿಂದೆ ಕೇಳುತ್ತಾ ಇದ್ದೀಯಾ?” ಅವರು ನಗುವುದನ್ನು ನಿಲ್ಲಿಸಿದ್ದರು. “ಎಲೆ ಅಡಿಕೆ ಇಟ್ಟು ಕೊಟ್ಟದ್ದನ್ನು?”

“ಹೌದು. ಹಿಂದೆ ಕೇಳುತ್ತಾ ಇದ್ದೇನೆ.”

ನಮ್ಮ ಹೊಳೆಯ ಬದಿಯಲ್ಲಿ ಯಾರೂ ಆಡಿರದ ಮಾತು ಅದು. ಕಾಲನ್ನು ಅಗಲಿಸಿ ಊರಿದೆ. ಲಿಯೋನೆಲ್ ಎಳೆದರು. ಆಳು ದೊಡ್ಡ, ಬಲವೂ ದೊಡ್ಡದು. ಬಾಲ್ದಿಯ ನೀರು ತುಳುಕಿ ನನ್ನ ಚೂಡಿದಾರ, ಅವರ ಬಿಳಿ ಶರ್ಟು ಎರಡೂ ಒದ್ದೆಯಾದವು. ನಾನು ಬಿಡಲಿಲ್ಲ. ಬಾಲ್ದಿಯ ಜೊತೆ ಎರಡು ಹೆಜ್ಜೆ ಜಾರಿ ಹೋದೆ, ಆದರೂ ಬಿಡಲಿಲ್ಲ.

“ಹರ್ಷಿಣೀ!” ಮಾವನ ಸ್ವರ. ಆ ಸ್ವರಕ್ಕೆ ನಾನು ಹುಟ್ಟಿದಂದಿನಿಂದ ಬಗ್ಗಿದ್ದೇನೆ. “ಕೈ ಬಿಡು. ನನ್ನ ಮರ್ಯಾದೆ ತೆಗೆಯಬೇಡ. ಈ ಕೆರೆಯ ಯಜಮಾನ ಯಾರು? ನೀನಾ, ನಾನಾ?”

“ನೀವೇ ಮಾವ. ಆದರೂ ಬಿಡುವುದಿಲ್ಲ.”

ಆಗ ಅಮ್ಮ ಮಾತಾಡಿದಳು. ಶೆಡ್ಡಿನ ನೆರಳಿನಲ್ಲಿ ನಿಂತಿದ್ದವಳು ಬಿಸಿಲಿಗೆ ಬಂದಳು. ಮಾರ್ಕೆಟ್ಟಿನಲ್ಲಿ ಮೂರು ಸಾಲು ಆಚೆ ಕೇಳುವ ಅವಳ ಗಂಟಲು ಆ ಹೊತ್ತು ತಗ್ಗಿತ್ತು.

“ಅಣ್ಣ, ಜಾಗ ನನ್ನ ಹೆಸರಿನಲ್ಲಿ ಉಂಟು. ನನ್ನ ನಂತರ ಇವಳದ್ದು. ಇಷ್ಟು ವರ್ಷ ಈ ಮಾತನ್ನು ನಾನು ಆಡಲಿಲ್ಲ. ಆಡುವ ಅಗತ್ಯ ಬರಲಿಲ್ಲ, ನೀನು ನನಗಿಂತ ಚೆನ್ನಾಗಿ ನೋಡಿಕೊಂಡೆ. ಇವತ್ತು ಆಡುತ್ತೇನೆ. ನಮ್ಮ ಜಾಗದಿಂದ ಹೋದದ್ದು ಇನ್ನೊಬ್ಬರ ಕೆರೆ ಸಾಯಿಸಿತು ಅಂತ ನಾಳೆ ಮಾರ್ಕೆಟ್ಟಿನಲ್ಲಿ ಕೇಳಿಸಿಕೊಳ್ಳುವವಳು ನಾನು. ಪೊರ್ಬುಗಳೇ, ಬಾಲ್ದಿ ಬಿಡಿ.”

ಪೊರ್ಬು ಎಂದು ನಾವು ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು. ಲಿಯೋನೆಲ್ ಮಾವನ ಮುಖ ನೋಡಿದರು. ಮಾವ ಹೊಳೆಯ ಕಡೆ ನೋಡುತ್ತಿದ್ದರು. ಹಿಡಿಯ ಮೇಲಿನ ಬೆರಳುಗಳು ಸಡಿಲವಾದವು. ಬಾಲ್ದಿಯ ಭಾರವೆಲ್ಲ ಒಮ್ಮೆಲೇ ನನ್ನ ಕೈಗೆ ಬಂತು.

“ಸರಿ,” ಎಂದರು ಲಿಯೋನೆಲ್. “ಆದರೆ ಒಂದು ತಿಳಿದುಕೋ. ಈ ಕವಲಿನಲ್ಲಿ ಇನ್ನು ಒಬ್ಬರೂ ನಿನ್ನ ಹತ್ತಿರ ಮರಿ ಪರೀಕ್ಷೆಗೆ ಕೊಡುವುದಿಲ್ಲ.”

“ಕೊಡಬೇಡಿ ಅಂಕಲ್. ಮಣಿಪಾಲಕ್ಕೆ ಬೇಡವಾದರೆ ಮಂಗಳೂರಿಗೆ ಕೊಡಿ. ಪರೀಕ್ಷೆ ಮಾತ್ರ ಮಾಡಿಸಿ. ಆ ಬಾಲ್ದಿಯ ನೀರು ಬಿದ್ದ ಚಪ್ಪಲಿಯನ್ನು ತೊಳೆಯದೆ ನಿಮ್ಮ ಕೆರೆಗೆ ಇಳಿಯಬೇಡಿ.”

ಜೀಪು ಹೋಯಿತು. ಸ್ಕೂಟರುಗಳು ಒಂದೊಂದಾಗಿ ಹೋದವು. ಖಾಲಿ ಬಾಲ್ದಿಗಳ ಸದ್ದು ತಿರುವಿನವರೆಗೆ ಕೇಳುತ್ತಿತ್ತು.

ಮುಖಕ್ಕೆ ಬಟ್ಟೆ ಕಟ್ಟಿಕೊಂಡೆ. ಆರನ್ನು ಮರಳಿ ಮರಿಕೆರೆಗೆ ಸುರಿದೆ. ರೇಣುಕವ್ವ ಚೀಲದ ಬಾಯಿ ಬಿಚ್ಚಿದಳು. ಪುಡಿಯನ್ನು ನೀರಿನಲ್ಲಿ ಕಲಸಿ, ಮಗ್ಗಿನಿಂದ ಅಂಚಿನ ಸುತ್ತ ಎರಚುತ್ತಾ ಬಂದೆ. ಅವು ಒಳ್ಳೆಯ ಸಿಗಡಿಗಳು. ಮಾವ ಮರುವಾಯಿ ಹಾಕಿ ಸಾಕಿ ಗೇಣುದ್ದ ಮಾಡಿದ್ದವು. ಮೈಯ ಪಟ್ಟೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಕೆಲವು ನೀರಿನಿಂದ ಮೇಲಕ್ಕೆ ನೆಗೆದು ಬಲೆಗೆ ತಾಗಿ ಬಿದ್ದವು. ನಾನು ಮುಖ ತಿರುಗಿಸಲಿಲ್ಲ. ಬಹುಶಃ ಮಾವ ಹೇಳಿದ್ದು ನಿಜವೇ ಇರಬಹುದು, ಬಹುಶಃ ಅವುಗಳಲ್ಲಿ ಒಂದರ ರಕ್ತದಲ್ಲಿ ಈ ಕರಾವಳಿಗೆಲ್ಲ ಬೇಕಾದ ಏನೋ ಇತ್ತು. ಇದ್ದರೂ ಅದನ್ನು ಏಳು ಮನೆಗಳ ಅನ್ನದ ಮೇಲೆ ಪರೀಕ್ಷಿಸಲು ನನಗೆ ಹಕ್ಕಿರಲಿಲ್ಲ, ಮಾವನಿಗೂ ಇರಲಿಲ್ಲ. ಮಗ್ಗನ್ನು ಕೊನೆಯವರೆಗೆ ನಾನೇ ಎತ್ತಿದೆ.

ಎಲ್ಲ ನಿಂತ ಮೇಲೆ ಸೋಸಿ ತೆಗೆದು ಎಣಿಸಿದೆವು. ನಲವತ್ತಮೂರು. ಸುಣ್ಣ ಹಾಕಿದ ಗುಂಡಿಯಲ್ಲಿ ಹೂತೆವು.

ಮಾವ ನನ್ನ ಹತ್ತಿರ ಮಾತು ಬಿಟ್ಟರು. ಫೆಬ್ರವರಿಯಲ್ಲಿ ಹೊಸ ಮರಿ ಬಂದಾಗ ಮಾದರಿಯ ಬಾಟ್ಲಿಯನ್ನು ಅಮ್ಮನ ಕೈಯಲ್ಲಿ ಕೊಟ್ಟು, “ಇದು ಬೇಕಂತೆ ಅವಳಿಗೆ,” ಎಂದರು, ನಾನು ಎದುರಿಗೇ ಇದ್ದೆ. ಒಂದು ಲೋಡಿನಲ್ಲಿ ಗೆರೆ ಬಂತು. ಬೇಡ ಎಂದು ವಾಪಸು ಕಳಿಸಿದೆ. ಏಜೆಂಟ್ ಬಂದು ಕೂಗಾಡಿದ. ಮಾವ ಕೇಳಿಸದವರ ಹಾಗೆ ಬಲೆ ಹೊಲಿಯುತ್ತಾ ಕೂತರು. ಲಿಯೋನೆಲ್ ತಮ್ಮ ಮರಿಯನ್ನು ಮಂಗಳೂರಿಗೆ ಕಳಿಸಿ ನೋಡಿಸಿದರಂತೆ. ನನ್ನ ಮೇಲಿನ ಸಿಟ್ಟಿಗೇ ಮಾಡಿಸಿದ್ದು ಎಂದು ಎಡ್ಮಂಡ್ ಹೇಳಿದ. ಯಾವ ಸಿಟ್ಟಿಗೆ ಮಾಡಿಸಿದರೂ ಸರಿ.

ಆ ಬೇಸಿಗೆಯಲ್ಲಿ ನಮ್ಮ ಕವಲಿನ ಏಳು ಕೆರೆಗಳಿಗೂ ಬಿಳಿ ಚುಕ್ಕೆ ಬರಲಿಲ್ಲ. ಲಿಯೋನೆಲ್ ತಾವು ಹಾಕಿದ ಹೊಸ ಪುಡಿಯಿಂದ ಎಂದರು. ಎಡ್ಮಂಡ್ ಬಿಸಿಲು ಹದವಾಗಿತ್ತು ಎಂದ. ನನ್ನಿಂದ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಾರದೇ ಉಳಿದ ರೋಗಕ್ಕೆ ಗೆರೆ ಇರುವುದಿಲ್ಲ, ಫೋಟೋ ತೆಗೆದು ತೋರಿಸಲಿಕ್ಕೆ ಆಗುವುದಿಲ್ಲ.

ಮೇ ತಿಂಗಳ ಕೊನೆಯಲ್ಲಿ ಬಲೆ ಎಳೆದೆವು. ಲಾರಿ ಹೋದ ಮೇಲೆ ಮಾವ ದಂಡೆಯ ಮೇಲೆ ಕೂತು ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದರು. ನಾನು ಚಹಾ ತಂದು ಪಕ್ಕದಲ್ಲಿ ಇಟ್ಟೆ. ನಾಲ್ಕು ತಿಂಗಳ ನಂತರ ಅವರು ನನ್ನನ್ನು ನೋಡದೆಯೇ ನನ್ನೊಡನೆ ಮಾತಾಡಿದರು.

“ನೀನು ಮಾಡಿದ್ದು ಸರಿ ಅಂತ ನಾನು ಈಗಲೂ ಒಪ್ಪಿಲ್ಲ.”

“ಒಪ್ಪಬೇಡಿ ಮಾವ.”

“ಮುಂದಿನ ಸಲ ರೋಗ ಬಂದು, ಮತ್ತೆ ಒಂದಷ್ಟು ಬದುಕಿ ಉಳಿದರೆ?”

“ಇನ್ನೊಂದು ಚೀಲ ಬ್ಲೀಚಿಂಗ್ ಮೊನ್ನೆಯೇ ತಂದಿಟ್ಟಿದ್ದೇನೆ. ಶೆಡ್ಡಿನಲ್ಲಿ ಉಂಟು.”

ಅವರು ಚಹಾ ಕುಡಿದು ಮುಗಿಸಿದರು. ಲೋಟವನ್ನು ಕವುಚಿ ಇಟ್ಟು, ಪಡುವಣದ ಮೋಡವನ್ನು ನೋಡಿದರು.

“ನೆಲದಲ್ಲಿ ಇಡಬೇಡ, ತೇವಕ್ಕೆ ಅದರ ಬಲ ಹೋಗುತ್ತದೆ,” ಎಂದರು. “ಅಟ್ಟಕ್ಕೆ ಹಾಕು.”